ಒಂದೇ ಜಾಗದ ಎರಡು ನಡಿಗೆಗಳು

ಬೆನ್ನುಹುರಿ ಮುರಿದವರು ಎದ್ದು ನಡೆಯಲು ಶುರುಮಾಡಿ ಹತ್ತು ವರ್ಷವಾಗುತ್ತ ಬಂದಿತ್ತು. ಮೊದಮೊದಲು ಅಂಥವರೊಬ್ಬರು ಸಂತೆಗೆ ಬಂದರೆ ಜನ ಕಾಯಿಪಲ್ಲೆ ಬಿಟ್ಟು ಅವರ ಕಾಲು ನೋಡುತ್ತಿದ್ದರು, ಟಿವಿಯವರು ಹಿಂದೆ ಓಡುತ್ತಿದ್ದರು. ಈಗ ಯಾರೂ ತಿರುಗಿ ಸಹ ನೋಡುವುದಿಲ್ಲ. ವಿಜ್ಞಾನದ ಪವಾಡಗಳ ಹಣೆಬರಹವೇ ಇಷ್ಟು. ಮೊದಲ ವರ್ಷ ಹಾರ ತುರಾಯಿ, ಆಮೇಲೆ ರಿಪೇರಿ. ಈ ಕಥೆ ರಿಪೇರಿಯವರದು.

ಸಾಧನದ ಹೆಸರು ಸೇತು. ಸೊಂಟದ ಹತ್ತಿರ ಚರ್ಮದ ಕೆಳಗೆ ಕೂರಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ. ಹುರಿ ಮುರಿದ ಜಾಗದ ಮೇಲ್ಗಡೆಯಿಂದ ಮಿದುಳಿನ ಅಪ್ಪಣೆ ಪಡೆದು ಕೆಳಗಿನ ನರಗಳಿಗೆ ಮುಟ್ಟಿಸುತ್ತದೆ. ಕೆಳಗಿನ ಸ್ಪರ್ಶ, ಬಿಸಿ, ನೋವನ್ನು ಮೇಲಕ್ಕೆ ಕಳಿಸುತ್ತದೆ. ಬರೀ ತಂತಿಯ ಕೆಲಸವಾಗಿದ್ದರೆ ಸುಲಭವಿತ್ತು. ಆದರೆ ಮಿದುಳು ‘ನಡೆ’ ಎಂದಷ್ಟೇ ಹೇಳುತ್ತದೆ. ಯಾವ ಸ್ನಾಯು ಎಷ್ಟು ಬಿಗಿಯಬೇಕು, ಯಾವುದು ಸಡಿಲಾಗಬೇಕು ಎಂಬ ಚಿಲ್ಲರೆ ಲೆಕ್ಕವನ್ನೆಲ್ಲ ಹುರಿಯೇ ನೋಡಿಕೊಳ್ಳುತ್ತಿತ್ತು. ಆ ಲೆಕ್ಕವನ್ನು ಈಗ ಪೆಟ್ಟಿಗೆಯೊಳಗಿನ ಕಂಪ್ಯೂಟರು ಕಲಿಯಬೇಕು. ಮೆಟ್ಟಿಲು ಇಳಿಯುವುದು, ಚಕ್ಕಳಮಕ್ಕಳ ಹಾಕಿ ಕೂತು ಏಳುವುದು, ಕೆಸರಿನಲ್ಲಿ ಜಾರದಂತೆ ಹೆಜ್ಜೆಯಿಡುವುದು, ಹೀಗೆ ಕಲಿತ ಒಂದೊಂದೂ ಅದರ ಡಿಸ್ಕಿನಲ್ಲಿ ಒಂದೊಂದು ಫೈಲಾಗಿ ಕೂರುತ್ತದೆ.

ಫೈಲುಗಳಿಗೆ ಜಾಗ ಹಂಚುವುದು, ಬೇಕಾದಾಗ ತೆಗೆದುಕೊಡುವುದು, ಯಾವ ಕೆಲಸ ಯಾವಾಗ ನಡೆಯಬೇಕೆಂದು ತೀರ್ಮಾನಿಸುವುದು, ಇವೆಲ್ಲ ಕರ್ನೆಲ್ ಎಂಬ ಮೂಲ ತಂತ್ರಾಂಶದ ಹೊಣೆ. ಮನೆಯ ಯಜಮಾನನಿದ್ದ ಹಾಗೆ. ತನ್ನ ಲೆಕ್ಕದಲ್ಲಿ ತನಗೇ ಅರ್ಥವಾಗದ್ದು ಕಂಡರೆ ಈ ಯಜಮಾನ ಊಹೆ ಮಾಡಲು ಹೋಗುವುದಿಲ್ಲ, ಎಲ್ಲ ಕೈಬಿಟ್ಟು ನಿಂತುಬಿಡುತ್ತಾನೆ. ಕಂಪ್ಯೂಟರಿನವರು ಇದಕ್ಕೆ ಪ್ಯಾನಿಕ್ ಎನ್ನುತ್ತಾರೆ. ಮೇಜಿನ ಮೇಲಿನ ಯಂತ್ರವಾದರೆ ನಾಲ್ಕು ಬೈದು, ಆರಿಸಿ, ಮತ್ತೆ ಹೊತ್ತಿಸುತ್ತೇವೆ. ಸೇತು ನಿಂತರೆ ಮನುಷ್ಯ ಕುಸಿಯಬಾರದಲ್ಲ, ಅದಕ್ಕಾಗಿ ಆ ಕ್ಷಣ ಎರಡೂ ಮೊಣಕಾಲು ನೆಟ್ಟಗೆ ಬಿಗಿದುಕೊಳ್ಳುವಂತೆ ಏರ್ಪಾಡು ಮಾಡಿದ್ದರು. ಎಲೆಗೆ ಸುಣ್ಣ ಹಚ್ಚಿ, ಮಡಚಿ, ಬಾಯಿಗಿಡುವಷ್ಟು ಹೊತ್ತಿನಲ್ಲಿ ಪೆಟ್ಟಿಗೆ ತಾನೇ ಮತ್ತೆ ಏಳುತ್ತಿತ್ತು.

ಸೇತು ಹಾಕಿಸಿಕೊಂಡವರೆಲ್ಲರ ಪೆಟ್ಟಿಗೆಗಳೂ ದಿನಕ್ಕೊಮ್ಮೆ ಫೋನಿನ ಮೂಲಕ ಧಾರವಾಡದ ಕೇಂದ್ರಕ್ಕೆ ಕ್ಷೇಮ ಸಮಾಚಾರ ಕಳಿಸಬೇಕು. ಅದನ್ನು ನೋಡುವವಳು ನೀಲಾಂಬಿಕೆ ಅಂಗಡಿ, ದೋಷ ವಿಭಾಗದ ಮುಖ್ಯಸ್ಥೆ. ಅವಳ ಜೊತೆ ಹುಬ್ಬಳ್ಳಿಯ ಇಮ್ತಿಯಾಜ್ ಮುಲ್ಲಾ. ಕರ್ನೆಲ್ಲಿನ ಅರ್ಧ ಭಾಗ ಬರೆದವನೇ ಅವನು, ಹಾಗಾಗಿ ಅದರಲ್ಲಿ ತಪ್ಪಿದೆಯೆಂದು ಯಾರಾದರೂ ಅಂದರೆ ಮುಖ ಊದಿಸಿಕೊಳ್ಳುತ್ತಿದ್ದ. ಆ ವರ್ಷ ದಸರೆ ಕಳೆದ ಮೇಲೆ ಗದಗ, ಬಾಗಲಕೋಟೆ, ವಿಜಯಪುರದ ಕಡೆಯ ಕೆಲವು ಪೆಟ್ಟಿಗೆಗಳು ವಿಚಿತ್ರವಾಗಿ ವರ್ತಿಸತೊಡಗಿದವು. ಇವತ್ತು ಕಳಿಸಿದ್ದನ್ನೇ ನಾಳೆ, ನಾಳೆ ಕಳಿಸಿದ್ದನ್ನೇ ನಾಡಿದ್ದು. ಅಂದರೆ ಡಿಸ್ಕಿಗೆ ಬೀಗ ಬಿದ್ದಿದೆ. ಫೈಲುಗಳ ಲೆಕ್ಕ ಕೈಮೀರಿ ಕೆಟ್ಟಾಗ ಕರ್ನೆಲ್ ಕೊನೆಯ ಎಚ್ಚರಿಕೆಯಾಗಿ ಹಾಗೆ ಮಾಡುತ್ತದೆ. ಇದ್ದದ್ದನ್ನು ಓದಬಹುದು, ಹೊಸದೊಂದು ಅಕ್ಷರ ಬರೆಯುವಂತಿಲ್ಲ.

ಸೋಜಿಗವೆಂದರೆ, ಆ ಪೆಟ್ಟಿಗೆಗಳ ಹಳೆಯ ವರದಿಗಳಲ್ಲಿ ಒಂದೇ ಒಂದು ದೂರು ಇರಲಿಲ್ಲ.

‘ಇಷ್ಟು ಹಾಳಾಗ್ಬೇಕಾದ್ರ ಸೇತು ಎಷ್ಟೋ ಸಲ ಬಿದ್ದು ಎದ್ದಿರ್ಬೇಕು,’ ಎಂದಳು ನೀಲಾಂಬಿಕೆ. ‘ಒಬ್ಬರೂ ಬಾಯಿ ಬಿಟ್ಟಿಲ್ಲಲ್ಲ.’

‘ಬಿದ್ದಿಲ್ಲ ಮೇಡಂ, ಅದಕ್ಕ ಬಾಯಿ ಬಿಟ್ಟಿಲ್ಲ. ಡಿಸ್ಕ್ ಮಾಡಿದ ಕಂಪನಿಯವರದ ತಪ್ಪಿರ್ಬೇಕು,’ ಎಂದ ಇಮ್ತಿಯಾಜ್.

ಬೀಗ ಬಿದ್ದ ಪೆಟ್ಟಿಗೆಗಳಲ್ಲೊಂದು ಬೆಟಗೇರಿಯ ಕಸ್ತೂರಿಯದು. ಕಸ್ತೂರಿ ಬಸ್ ಕಂಡಕ್ಟರು. ಕಂಡಕ್ಟರಿಲ್ಲದ ಬಸ್ಸುಗಳು ನಡುವೆ ಕೆಲವು ವರ್ಷ ಬಂದುಹೋದವು. ಜಗಳ ಮಾಡಲು ಎದುರಿಗೆ ಮನುಷ್ಯನಿಲ್ಲದ ಬಸ್ಸು ನಮ್ಮ ಜನಕ್ಕೆ ಒಗ್ಗಲಿಲ್ಲವಾಗಿ ಕಂಡಕ್ಟರುಗಳು ಉಳಿದರು. ಐದು ವರ್ಷದ ಹಿಂದೆ ಡಿಪೋದಲ್ಲಿ ಹಿಮ್ಮುಖ ಬರುತ್ತಿದ್ದ ಬಸ್ಸಿಗೂ ಗೋಡೆಗೂ ನಡುವೆ ಸಿಕ್ಕು ಅವಳ ಹುರಿ ಮುರಿದಿತ್ತು. ಸೇತು ಬಂದ ಮೇಲೆ ಮನೆಯೊಳಗೆ ನಡೆಯುವುದನ್ನು ಬೇಗ ಕಲಿತಳು. ಓಡುವ ಬಸ್ಸಿನಲ್ಲಿ ಕಂಬ ಹಿಡಿಯದೆ, ಒಂದು ಕೈಯಲ್ಲಿ ಟಿಕೆಟ್ ಮಿಷನ್ ಇನ್ನೊಂದರಲ್ಲಿ ಚಿಲ್ಲರೆ ಹಿಡಿದು ನಿಲ್ಲುವುದನ್ನು ಕಲಿಯಲು ಎರಡು ವರ್ಷ ಬೇಕಾಯಿತು. ರಜೆಯ ದಿನಗಳಲ್ಲಿ ಪ್ರಯಾಣಿಕಳಾಗಿ ಬಸ್ಸು ಹತ್ತಿ, ಬಿದ್ದು, ಎದ್ದು ಕಲಿತಳು. ಆಸ್ಪತ್ರೆಯ ವ್ಯಾಯಾಮದವರು ಇದು ಆಗದ ಮಾತು ಎಂದಿದ್ದರು. ಆಗದೆಂದವರ ಎದುರು ನಿಂತು ತೋರಿಸಿದ ಮೇಲೆ ಇಲಾಖೆ ಅವಳನ್ನು ಮತ್ತೆ ಬಸ್ಸಿಗೆ ತೆಗೆದುಕೊಂಡಿತು, ಒಂದು ಷರತ್ತಿನ ಮೇಲೆ. ವರ್ಷಕ್ಕೊಮ್ಮೆ ಓಡುವ ಬಸ್ಸಿನಲ್ಲಿ ಅವಳು ಕೈಬಿಟ್ಟು ನಿಂತು ತೋರಿಸಬೇಕು. ತಪ್ಪಿದರೆ ನೌಕರಿಯಿಲ್ಲ. ಈ ವರ್ಷದ ಪರೀಕ್ಷೆ ಆ ತಿಂಗಳ ಕೊನೆಯ ಸೋಮವಾರಕ್ಕಿತ್ತು.

ಕಾಲುಗಳು ಆಗಾಗ ಬಿಗಿದು ನಿಲ್ಲುತ್ತಿರುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ನಿಂತಾಗ ಸೀಟಿನ ಹಿಡಿಕೆಗೆ ಸೊಂಟ ಆನಿಸಿ, ಮಿಷನ್ನಿನಲ್ಲಿ ಏನೋ ಲೆಕ್ಕ ನೋಡುತ್ತಿರುವವಳಂತೆ ತಲೆ ಬಗ್ಗಿಸುತ್ತಿದ್ದಳು. ಹಿಂದಿನವರು ‘ಟಿಕೀಟ್ರೀ’ ಎಂದು ಕೂಗಿದರೆ ‘ಬಂದೆ, ಬಂದೆ’ ಎನ್ನುತ್ತಿದ್ದಳು, ಬರುತ್ತಿರಲಿಲ್ಲ. ಈಚೆಗೆ ಇನ್ನೊಂದು ತೊಂದರೆ ಸೇರಿತ್ತು. ಡಿಪೋಕ್ಕೆ ಹೊಸ ಬಸ್ಸು ಬಂದಿದ್ದವು, ಅವುಗಳ ಮೆಟ್ಟಿಲು ಗೇಣುದ್ದ ತಗ್ಗು. ಉಳಿದ ಕಂಡಕ್ಟರುಗಳು ಒಂದು ದಿನ ಎಡವಿ ಮರುದಿನ ಸರಿಹೋದರು. ಅವಳು ಪ್ರತಿಸಲವೂ ಹಳೆಯ ಮೆಟ್ಟಿಲಿನ ಎತ್ತರಕ್ಕೇ ಕಾಲು ಎತ್ತುತ್ತಿದ್ದಳು. ಕಾಲುಗಳು ಕಲಿಯುವುದನ್ನು ನಿಲ್ಲಿಸಿದ್ದವು.

ಅವಳ ಗಂಡ ಅಂದಾನೆಪ್ಪನದು ಬೆಟಗೇರಿಯಲ್ಲೇ ಮದುವೆ ಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ಸು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಅವನ ಎಡಗಾಲು ಸ್ವಲ್ಪ ಗಿಡ್ಡ. ಸೇತು ಬಂದ ಮೇಲೆ ಅವಳು ಅವನನ್ನು ಮದುವೆಯಾಗಿದ್ದಳು. ಸಂಜೆ ಪ್ರೆಸ್ಸು ಮುಚ್ಚಿ, ಅವಳ ಡ್ಯೂಟಿ ಮುಗಿದ ಮೇಲೆ, ಇಬ್ಬರೂ ಕೆರೆಯ ಏರಿಯ ಮೇಲೆ ಒಂದು ಸುತ್ತು ಹೋಗಿಬರುವುದು ವಾಡಿಕೆ. ಅವಳಿಗೆ ದಿನದಲ್ಲಿ ಬಲು ಇಷ್ಟದ ಹೊತ್ತು ಅದೇ.

‘ಕಾಲು ಹೆಂಗದಾವು?’ ಎಂದು ಅವನು ಕೇಳುತ್ತಿದ್ದ.

‘ಆರಾಮ ಅದಾವು. ನಿಮ್ಮವು?’

‘ನನಗೇನಾಗೇತಿ, ಆರಾಮ.’

ಮಲಗುವ ಮುಂಚೆ ಸೇತು ಸಹ ಫೋನಿನಲ್ಲಿ ಅದನ್ನೇ ಕೇಳುತ್ತಿತ್ತು: ಇವತ್ತು ಏನಾದರೂ ತೊಂದರೆ ಆಯಿತೇ? ‘ಏನಿಲ್ಲ, ಆರಾಮ,’ ಎನ್ನುತ್ತಿದ್ದಳು ಕಸ್ತೂರಿ. ಮೊಣಕಾಲಿಗೆ ಅಮೃತಾಂಜನ ತಿಕ್ಕಿಕೊಳ್ಳುತ್ತಲೂ ಹಾಗೇ ಅನ್ನುತ್ತಿದ್ದಳು. ಸುಳ್ಳು ಹೇಳುತ್ತಿದ್ದೇನೆಂದು ಅವಳಿಗೆ ಅನ್ನಿಸಿರಲಿಲ್ಲ. ಹೇಗಿದ್ದೀರಿ ಎಂದವರಿಗೆ ಆರಾಮ ಎನ್ನುವುದು ಮರ್ಯಾದೆ.

ಇತ್ತ ಧಾರವಾಡದಲ್ಲಿ ಇಮ್ತಿಯಾಜ್ ಡಿಸ್ಕ್ ಕಂಪನಿಯವರನ್ನು ಬೈದು ಮುಗಿಸಿದ್ದ. ಅವರು ಕಳಿಸಿದ ಹೊಸ ಡಿಸ್ಕುಗಳನ್ನು ಕಾಯಿಸಿದ, ತಣ್ಣಗೆ ಮಾಡಿದ, ಅಲುಗಾಡಿಸಿದ. ಎಲ್ಲ ಗಟ್ಟಿಮುಟ್ಟಾಗಿದ್ದವು. ಬ್ಯಾಟರಿ ನೋಡಿದ, ಅದೂ ಸರಿ. ಬೀಗ ಬಿದ್ದವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿದ. ಅವರೆಲ್ಲ ಆರಾಮ ಇದ್ದರು. ಅವನು ಆರಾಮ ಇದ್ದಾನೋ ಎಂದು ವಿಚಾರಿಸಿದರು, ಊಟವಾಯಿತೇ ಎಂದು ಕೇಳಿದರು, ಬಾಗಲಕೋಟೆಯ ಒಬ್ಬ ಅಜ್ಜಿ ಮೊಮ್ಮಗಳ ಮದುವೆಗೆ ಕರೆದಳು. ತಲೆ ಕೆರೆದುಕೊಳ್ಳುತ್ತ ಫೋನಿಟ್ಟ.

‘ಹಂಗಾದ್ರ ತಕರಾರು ಮಾಡೋರನ್ನ ಕರಿಸೋಣು,’ ಎಂದಳು ನೀಲಾಂಬಿಕೆ. ‘ಅವರ ಪೆಟಿಗಿಯೊಳಗ ಏನರ ಸುಳಿವು ಸಿಗಬಹುದು.’

ತಕರಾರಿನ ವಿಷಯದಲ್ಲಿ ಹುಡುಕಾಡಬೇಕಾಗಿರಲಿಲ್ಲ. ನಿವೃತ್ತ ಹೆಡ್ಮಾಸ್ತರ ಹುದ್ದಾರರು ಧಾರವಾಡದಲ್ಲೇ ಇದ್ದರು. ಸೇತು ಹಾಕಿಸಿಕೊಂಡಂದಿನಿಂದ ಅವರು ದೂರು ಕೊಡದ ದಿನವಿಲ್ಲ. ಕೇಂದ್ರದ ಹುಡುಗರು ಅವರ ನಂಬರು ಕಂಡರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಬನ್ನಿ ಎಂದದ್ದೇ ತಡ, ಅವರು ಆಟೋದಲ್ಲಿ ಬಂದಿಳಿದರು.

‘ನೋಡ್ರಿ, ನಿನ್ನೆ ಬಲಗಾಲಿನ ಹೆಬ್ಬೆಟ್ಟು ವೇಳೆಗೆ ಸರಿಯಾಗಿ ಏಳಲಿಲ್ಲ. ಮೊನ್ನೆ ತಿಂಡಿ ತಿನ್ನೋ ಮುಂದ ಪಾದ ಜುಮ್ ಅಂತು. ನಿಮ್ಮ ಮಷೀನಿಗೆ ಶಿಸ್ತು ಅಂಬೋದ ಇಲ್ಲ.’

ಅವರನ್ನು ಮಲಗಿಸಿ, ಡಿಸ್ಕಿನ ಪ್ರತಿ ತೆಗೆದು ನೋಡಿದರು. ಹಾಳೂರು ಕಾಣಬಹುದೆಂದು ಕಾದಿದ್ದ ಇಮ್ತಿಯಾಜನಿಗೆ ಕಂಡದ್ದು ಆಗಷ್ಟೇ ಗುಡಿಸಿ ಸಾರಿಸಿದ ಮನೆ. ಫೈಲುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು, ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಕೇಂದ್ರದ ಲೆಕ್ಕದಲ್ಲಿದ್ದ ಎಲ್ಲ ಪೆಟ್ಟಿಗೆಗಳಲ್ಲಿ ಇಷ್ಟು ಆರೋಗ್ಯವಾದ್ದನ್ನು ಅವನು ನೋಡಿರಲಿಲ್ಲ.

ನೀಲಾಂಬಿಕೆ ಕೇಳಿದಳು: ‘ಇವರು ದಿನಾ ರಾತ್ರಿ ತೊಂದರೆ ಆಗೇದ ಅಂತಾರಲ್ಲ, ಆಗ ಸೇತು ಏನ್ ಮಾಡ್ತದ?’

‘ಮಲಗಿದ ಮ್ಯಾಲೆ ಡಿಸ್ಕ್ ಪೂರ್ತಿ ತಪಾಸಣೆ ಮಾಡ್ತೈತಿ. ತಪ್ಪಿದ್ರ ತಿದ್ದತೈತಿ.’

‘ಆರಾಮ ಅಂದ್ರ?’

‘ಆರಾಮ ಅಂದ್ರ...’ ಇಮ್ತಿಯಾಜ್ ಪರದೆಯ ಕಡೆ ತಿರುಗಿದ. ‘ಸ್ವಚ್ಛ ಐತಿ ಅಂತ ಗುರುತು ಹಾಕಿ ಬಿಟ್ಟುಬಿಡತೈತಿ.’

ಆ ಏರ್ಪಾಡು ಕೇಂದ್ರದವರದೇ. ತಪಾಸಣೆ ನಡೆಯುವಾಗ ಕಾಲುಗಳು ಸತ್ತಂತಿರುತ್ತವೆ, ರಾತ್ರಿ ಮೂತ್ರಕ್ಕೆ ಏಳಬೇಕೆಂದರೂ ಆಗದು. ಅದಕ್ಕಾಗಿ ಬೇಕಾದಾಗ ಮಾತ್ರ ಮಾಡೋಣವೆಂದುಕೊಂಡಿದ್ದರು. ಬೇಕೋ ಬೇಡವೋ ಎಂದು ಪೆಟ್ಟಿಗೆಗೆ ತಾನಾಗಿ ತಿಳಿಯುವಂತಿರಲಿಲ್ಲ. ಪ್ಯಾನಿಕ್ಕಿನಲ್ಲಿ ಕರ್ನೆಲ್ ನಿಲ್ಲುವುದು ಎಷ್ಟು ಥಟ್ಟನೆಂದರೆ, ತಾನು ನಿಂತೆನೆಂದು ಬರೆದಿಡಲು ಅದಕ್ಕೆ ಪುರಸೊತ್ತಿಲ್ಲ. ಎದ್ದ ಮೇಲೆ, ಬ್ಯಾಟರಿ ಬದಲಿಸಿದಾಗ ಏಳುವ ಹಾಗೇ ಏನೂ ಆಗದಂತೆ ಏಳುತ್ತದೆ. ಆದದ್ದು ಗೊತ್ತಿರುವುದು ಕಾಲಿನ ಒಡೆಯನಿಗೆ ಮಾತ್ರ. ಹಾಗಾಗಿ ಅವನನ್ನೇ ಕೇಳುವುದು ಎಂದು ಮೀಟಿಂಗಿನಲ್ಲಿ ತೀರ್ಮಾನವಾಗಿತ್ತು. ಮೀಟಿಂಗಿನಲ್ಲಿದ್ದವರೆಲ್ಲ ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವರು, ಜ್ವರದಲ್ಲಿ ಮಲಗಿದ್ದರೂ ಫೋನಿನಲ್ಲಿ ಆರಾಮ ಎನ್ನುವವರು. ಒಬ್ಬರಿಗೂ ಹೊಳೆದಿರಲಿಲ್ಲ.

ಹುದ್ದಾರರು ಎದ್ದು ಕೂತು ಏನು ಸಿಕ್ಕಿತೆಂದು ಕೇಳಿದರು. ಅವರ ಕಾಲು ಬಲು ಚೆನ್ನಾಗಿದೆಯೆಂದು ನೀಲಾಂಬಿಕೆ ಹೇಳಿದಳು. ಅವರಿಗೆ ಬೇಸರವಾಯಿತು, ಹೋಗುವಾಗ ಬಾಗಿಲಿನ ಮೆಟ್ಟಿಲು ಎತ್ತರವಾಯಿತೆಂದು ದೂರಿದರು.

ಎಲ್ಲಿ ಹುಡುಕಬೇಕೆಂದು ಗೊತ್ತಾದ ಮೇಲೆ ಮೂಲ ತಪ್ಪು ಸಿಗುವುದು ತಡವಾಗಲಿಲ್ಲ. ಒಂದು ನಡಿಗೆಯಿಂದ ಇನ್ನೊಂದಕ್ಕೆ ಹೊರಳುವ ಕ್ಷಣದಲ್ಲಿ, ಎರಡನ್ನೂ ಒಟ್ಟಿಗೆ ಬರೆಯಬೇಕಾಗಿ ಬಂದರೆ, ಕರ್ನೆಲ್ ಅಪರೂಪಕ್ಕೊಮ್ಮೆ ಒಂದೇ ಖಾಲಿ ಜಾಗವನ್ನು ಇಬ್ಬರಿಗೂ ಕೊಟ್ಟುಬಿಡುತ್ತಿತ್ತು, ಒಂದೇ ಸೀಟನ್ನು ಇಬ್ಬರಿಗೆ ರಿಸರ್ವು ಮಾಡಿದ ಹಾಗೆ. ದಸರೆಗೆ ಮುಂಚೆ ಕಳಿಸಿದ ಹೊಸ ಆವೃತ್ತಿಯಲ್ಲಿ ಅದು ನುಸುಳಿತ್ತು, ಇಮ್ತಿಯಾಜ್ ಬರೆದ ಭಾಗದಲ್ಲೇ. ಅವನು ಎರಡು ದಿನ ಯಾರೊಂದಿಗೂ ಮಾತಾಡದೆ ಕೂತು ಅದನ್ನು ಸರಿಪಡಿಸಿದ. ಪ್ರಶ್ನೆಯನ್ನೂ ಬದಲಿಸಿದರು. ‘ತೊಂದರೆ ಆಯಿತೇ’ ಎನ್ನುವ ಬದಲು ‘ಇವತ್ತು ಕಾಲು ಎಲ್ಲೆಲ್ಲಿ ನಿಂತಿತ್ತು’ ಎಂದು ಕೇಳತೊಡಗಿದರು. ಕೇಳಿದವರಿಗೆ ಇಲ್ಲ ಎನ್ನುವುದು ಹೇಗೆಂದು ಜನ ದಾಕ್ಷಿಣ್ಯದಿಂದ, ಬಸ್‌ಸ್ಟ್ಯಾಂಡ್ ಹತ್ತಿರ ಸ್ವಲ್ಪ, ಹಿಟ್ಟಿನ ಗಿರಣಿಯಲ್ಲಿ ಸ್ವಲ್ಪ ಎಂದು ಹೇಳತೊಡಗಿದರು.

ಆದರೆ ಮುಂದಿನ ತಪ್ಪು ತಡೆದರೆ ಹಿಂದಿನದು ಸರಿಹೋಗುವುದಿಲ್ಲ. ಬೀಗ ಬಿದ್ದ ಡಿಸ್ಕುಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕಿತ್ತು. ಕಸ್ತೂರಿಯದು ಎಲ್ಲಕ್ಕಿಂತ ಕೆಟ್ಟಿತ್ತು. ಫೋನಿನಲ್ಲಿ ಕರೆದರೆ ಅವಳು ‘ಆರಾಮ ಅದೀನ್ರಿ, ಡ್ಯೂಟಿ ಐತಿ’ ಎಂದು ಇಟ್ಟುಬಿಟ್ಟಳು. ಅವಳ ಪರೀಕ್ಷೆಗೆ ಎರಡು ದಿನ ಇರುವಾಗ, ಶನಿವಾರ, ನೀಲಾಂಬಿಕೆ ತಾನೇ ಗದಗಕ್ಕೆ ಹೋಗಿ, ಹುಬ್ಬಳ್ಳಿಗೆ ಹೊರಟಿದ್ದ ಅವಳ ಬಸ್ಸು ಹತ್ತಿದಳು.

ಅಣ್ಣಿಗೇರಿ ದಾಟುವಾಗ ಕಾಲು ನಿಂತವು. ಕಸ್ತೂರಿ ಸೀಟಿಗೆ ಸೊಂಟ ಆನಿಸಿ ಮಿಷನ್ ನೋಡತೊಡಗಿದಳು. ಬಸ್ಸು ರಸ್ತೆಯ ಉಬ್ಬಿನ ಮೇಲೆ ಹಾರಿದಾಗ ಮರದ ಬೊಡ್ಡೆಯ ಹಾಗೆ ಒಂದೇ ತುಂಡಾಗಿ ವಾಲಿದಳು. ನೀಲಾಂಬಿಕೆ ರಟ್ಟೆ ಹಿಡಿದುಕೊಂಡಳು.

‘ಎಷ್ಟು ದಿನದಿಂದ ಹಿಂಗ ನಿಂದ್ರಾಕತ್ತಾವ್ರೀ?’

‘ಏನಿಲ್ರಿ, ಗಾಡಿ ಜಗ್ಗಿತು. ನಿಮ್ಮ ಟಿಕೀಟು?’

ನೀಲಾಂಬಿಕೆ ತಾನು ಯಾರೆಂದು ಹೇಳಿದಳು. ಹುಬ್ಬಳ್ಳಿಯಲ್ಲಿ ಬಸ್ಸು ಖಾಲಿಯಾದ ಮೇಲೆ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ಹೀಗೇ ಬಿಟ್ಟರೆ ಒಂದು ದಿನ ಸೇತು ಬಿದ್ದದ್ದು ಏಳುವುದಿಲ್ಲ ಎಂದಳು ನೀಲಾಂಬಿಕೆ. ಅದು ಯಾವ ದಿನವೆಂದು ಹೇಳಲಾಗದು, ಸೋಮವಾರವೂ ಆಗಬಹುದು, ಓಡುವ ಬಸ್ಸಿನ ಬಾಗಿಲಿನಲ್ಲಿ ಆಗಬಹುದು. ರಿಪೇರಿ ಮಾಡಿದರೆ ಬೀಗ ಬಿಚ್ಚುತ್ತದೆ, ಕಾಲು ಮತ್ತೆ ಹೊಸದನ್ನು ಕಲಿಯುತ್ತದೆ. ಆದರೆ ಕಲಿತದ್ದರಲ್ಲಿ ಒಂದಿಷ್ಟು ಹೋಗಬಹುದು. ಯಾವುದು ಹೋಗುತ್ತದೆಂದು ತೆರೆದು ನೋಡದೆ ಗೊತ್ತಾಗದು.

ಕಸ್ತೂರಿ ಟಿಕೆಟ್ ಮಿಷನ್ನನ್ನು ಮಡಿಲಲ್ಲಿ ಇಟ್ಟುಕೊಂಡಳು. ಅವಳಿಗೆ ಹೆದರಿಕೆಯಾಗಿತ್ತು.

‘ಬಸ್ಸಿನ್ಯಾಗ ನಿಂದ್ರೂದು ಹೋತಂದ್ರ ಮತ್ತ ಕಲಿಯಾಕ ಎರಡು ವರ್ಷ ಬೇಕ್ರಿ. ಇಲಾಖಿಯವರು ಎರಡು ದಿನ ಸೈತ ಕಾಯಂಗಿಲ್ಲ.’

‘ಗೊತ್ತದ.’

‘ನಮ್ಮ ಮನಿಯವರಿಗೆ ನಾ ಏನೂ ಹೇಳಿಲ್ರಿ,’ ಎಂದಳು. ‘ನಾಳೆ ಅವರನ್ನೂ ಕರಕೊಂಡು ಬರತೀನಿ.’

ಭಾನುವಾರ ಬೆಳಿಗ್ಗೆ ಕೇಂದ್ರದಲ್ಲಿ ಅವಳನ್ನು ಮಂಚದ ಮೇಲೆ ಮಲಗಿಸಿದರು. ಸೇತು ಆರಿಸಿದೊಡನೆ ಕಾಲುಗಳು ಬೇರೆ ಯಾರದೋ ಎಂಬಂತೆ ಬಿದ್ದುಕೊಂಡವು. ಅಂದಾನೆಪ್ಪ ಆ ಕಡೆ ನೋಡದೆ ಕುರ್ಚಿಯ ತುದಿಯಲ್ಲಿ ಕೂತ. ಇಮ್ತಿಯಾಜ್ ಮೊದಲು ಡಿಸ್ಕಿನ ಪ್ರತಿ ತೆಗೆದು, ಪ್ರತಿಯ ಮೇಲೆ ತಪಾಸಣೆ ಓಡಿಸಿದ. ಪರದೆಯ ಮೇಲೆ ತಪ್ಪುಗಳು ಸಾಲುಗಟ್ಟಿದವು. ಯಾರಿಗೂ ಸೇರದ ತುಣುಕುಗಳು, ಹೆಸರು ಕಳೆದುಕೊಂಡ ಫೈಲುಗಳು, ಎಣಿಕೆ ತಪ್ಪಿದ ಖಾಲಿ ಜಾಗಗಳು. ಹೆಚ್ಚಿನವನ್ನು ತಂತ್ರಾಂಶ ತಾನೇ ತಿದ್ದಿಕೊಂಡಿತು. ಕಡೆಯಲ್ಲಿ ಒಂದು ಉಳಿಯಿತು.

ಎರಡು ಫೈಲುಗಳು ಒಂದೇ ಜಾಗವನ್ನು ತಮ್ಮದೆನ್ನುತ್ತಿದ್ದವು. ಅರ್ಧ ಇದರದ್ದು, ಅರ್ಧ ಅದರದ್ದು, ಒಂದರ ಮೇಲೊಂದು ಬರೆದುಹೋಗಿತ್ತು. ಒಂದನ್ನು ಅಳಿಸಿದರೆ, ಕೇಂದ್ರದಲ್ಲಿರುವ ಹಳೆಯ ವರದಿಗಳ ಆಧಾರದಿಂದ ಇನ್ನೊಂದನ್ನು ಪೂರ್ತಿ ಕಟ್ಟಬಹುದು. ವರದಿಗಳಲ್ಲಿರುವುದು ನಡಿಗೆಯ ಬರೀ ಗೆರೆಚಿತ್ರ, ಕಲೆತುಹೋದ ತುಣುಕುಗಳೆಲ್ಲ ಒಂದಕ್ಕೇ ಸೇರಿದರೆ ಮಾತ್ರ ಅದು ತುಂಬುತ್ತದೆ. ಎರಡನ್ನೂ ಉಳಿಸಿದರೆ ಎರಡೂ ಕೆಡುತ್ತವೆ, ಬೀಗ ಮತ್ತೆ ಬೀಳುತ್ತದೆ.

‘ಇದೇನು ತ್ರಾಸಿಲ್ಲ ಬಿಡ್ರಿ,’ ಎಂದ ಇಮ್ತಿಯಾಜ್. ‘ಒಂದು ಬಸ್ಸಿನ್ಯಾಗ ನಿಂದ್ರೂದು. ಇನ್ನೊಂದು ಕಸ. ನೋಡ್ರಿ ಬೇಕಾರ.’

ಪರದೆಯ ಮೇಲೆ ಒಂದು ಕಡ್ಡಿ ಗೊಂಬೆ ನಡೆಯಿತು. ಬಲಗಾಲು ಮುಂದಿಟ್ಟು ಸ್ವಲ್ಪ ತಡೆಯುತ್ತಿತ್ತು. ಎಡಗಾಲನ್ನು ಗಿಡ್ಡವಾಗಿ ಎಳೆದುಕೊಳ್ಳುತ್ತಿತ್ತು. ಮತ್ತೆ ತಡೆಯುತ್ತಿತ್ತು. ಆರೋಗ್ಯವಂತ ಕಾಲು ಹೀಗೆ ನಡೆಯಲು ಕಾರಣವೇ ಇಲ್ಲ, ಡಿಸ್ಕ್ ಕೆಟ್ಟು ಹೀಗಾಗಿದೆ ಎಂದು ಇಮ್ತಿಯಾಜ್ ವಿವರಿಸಿದ. ಅಂದಾನೆಪ್ಪ ಎದ್ದು ಪರದೆಯ ಹತ್ತಿರ ಬಂದ.

‘ಸರ್, ಇದು ಕಸ ಅಲ್ರಿ. ಇದು ನನ್ನ ನಡಿಗಿ.’

ಕಸ್ತೂರಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

‘ಸಂಜಿಮುಂದ ಏರಿ ಮ್ಯಾಲೆ ಹಿಂಗ ನಡಿತೀವ್ರಿ,’ ಎಂದ ಅವನು. ಆಮೇಲೆ ಅವಳನ್ನು ಕೇಳಿದ, ‘ನೀ ನನ್ನ ಸಲುವಾಗಿ ಹಿಂಗ ನಡಿತಿದ್ದ್ಯೇನು?’

‘ಮತ್ತ? ನಿಮ್ಮ ಕಾಲು ನನಗ ಗೊತ್ತಿಲ್ಲೇನು. ದಡದಡ ನಡದ್ರ ನೀವು ಹಿಂದ ಉಳಿತಿದ್ರಿ. ಕಲಿಯಾಕ ಎಷ್ಟ ದಿನ ಹಿಡೀತು ಗೊತ್ತೇನು?’

‘ನಾ ಎಲ್ಲಿ ಹಿಂದ ಉಳಿತಿದ್ದೆ? ನಿನಗ ಮಿಷನ್ ಕಾಲು, ತ್ರಾಸ ಆಕ್ಕೇತಿ ಅಂತ ನಾನ ನಿಧಾನ ಮಾಡಿದ್ದೆ. ಒಬ್ಬನ ಇದ್ದಾಗ ನಾ ಇದರ ಎರಡರಷ್ಟು ಜೋರು ನಡಿತೀನಿ.’

ನೀಲಾಂಬಿಕೆಯೂ ಇಮ್ತಿಯಾಜನೂ ಕೀಬೋರ್ಡು ನೋಡುತ್ತ ಕೂತರು. ಸೇತು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಇಬ್ಬರಿಗೂ ಬೇಡವಾಗಿದ್ದ ನಿಧಾನವನ್ನು ಅಚ್ಚುಕಟ್ಟಾಗಿ ಕಲಿತು, ಫೈಲು ಮಾಡಿ ಇಟ್ಟುಕೊಂಡಿತ್ತು.

‘ಅದನ್ನ ಅಳಸ್ರಿ ಸರ್,’ ಎಂದ ಅಂದಾನೆಪ್ಪ. ‘ನೌಕರಿ ಉಳೀಲಿ.’

‘ನೀವು ಹೇಳಬ್ಯಾಡ್ರಿ,’ ಎಂದಳು ಕಸ್ತೂರಿ. ದನಿ ಗಡುಸಾಗಿತ್ತು. ‘ಇಷ್ಟು ವರ್ಷ ಅದು ನಿಮಗ ಬ್ಯಾಡಾಗಿತ್ತೇನು?’

‘ಜೋಡಿ ನಡಿಯೂದು ಬೇಕಾಗಿತ್ತು. ನಿಧಾನ ಬ್ಯಾಡಾಗಿತ್ತು.’

ಅವಳಿಗೆ ಅಳು ಬಂತು. ಅವಮಾನವೂ ಆಯಿತು. ಅವನಿಗೆ ಸಾಕಾಗಿರಬಹುದೆಂದು, ಪಾಪವೆಂದು ಎಷ್ಟು ಸಂಜೆ ಕಾಲನ್ನು ಬಲವಂತವಾಗಿ ತಡೆದಿದ್ದಳೋ ಅಷ್ಟೂ ಸಂಜೆ ಅವನೂ ಅವಳನ್ನು ಪಾಪ ಎಂದುಕೊಂಡಿದ್ದ. ಹೀಗಿದ್ದೂ ಆ ಸಂಜೆಗಳೆಲ್ಲ ಅವಳಿಗೆ ಇಷ್ಟವಾಗಿದ್ದವು. ಅದು ಸುಳ್ಳಾಗಿರಲಿಲ್ಲ. ನೀಲಾಂಬಿಕೆ ನೀರು ಕೊಟ್ಟಳು. ಆತುರವಿಲ್ಲ, ಆದರೆ ತೀರ್ಮಾನ ನೀವೇ ಹೇಳಬೇಕು, ಇದನ್ನು ಯಂತ್ರಕ್ಕೆ ಬಿಡುವುದಿಲ್ಲ ಎಂದಳು.

‘ಬಸ್ಸಿಂದು ತೋರಸ್ರಿ,’ ಎಂದಳು ಕಸ್ತೂರಿ.

ಇಮ್ತಿಯಾಜ್ ಇನ್ನೊಂದು ಗೊಂಬೆ ತೋರಿಸಿದ. ಅದು ಎಲ್ಲಿಗೂ ಹೋಗಲಿಲ್ಲ. ಪಾದಗಳನ್ನು ಅಗಲಿಸಿ ನಿಂತು, ಕಾಣದ ಬಸ್ಸು ಎಡಕ್ಕೆ ಹೊರಳಿದಾಗ ಬಲಮೊಣಕಾಲು ಮಡಚಿ, ಬ್ರೇಕು ಬಿದ್ದಾಗ ಹಿಮ್ಮಡಿಗೆ ಭಾರ ಹಾಕಿ, ಬಿದ್ದೇಬಿಟ್ಟಿತು ಎನ್ನುವಾಗ ನೆಟ್ಟಗಾಗುತ್ತಿತ್ತು. ಕೈಗಳು ಮಾತ್ರ ಅಲುಗುತ್ತಿರಲಿಲ್ಲ, ಅವುಗಳಲ್ಲಿ ಟಿಕೆಟೂ ಚಿಲ್ಲರೆಯೂ ಇದ್ದವಲ್ಲ. ಕಸ್ತೂರಿ ತನ್ನನ್ನು ತಾನು ಹೀಗೆ ಹೊರಗಿನಿಂದ ನೋಡಿದ್ದು ಅದೇ ಮೊದಲು. ನೋಡುತ್ತ ಕಣ್ಣೊರೆಸಿಕೊಂಡಳು.

‘ಇದನ್ನ ನಾ ಯಾರ ಸಲುವಾಗೂ ಕಲಿತಿಲ್ಲ,’ ಎಂದಳು. ‘ಇದು ನಂದು. ಇದನ್ನ ಇಡ್ರಿ.’

ಇಮ್ತಿಯಾಜ್ ಹೌದೆಂದು ಒತ್ತಿದ. ಜಾಗ ಒಂದಕ್ಕೇ ಸೇರಿತು. ಪ್ರತಿಯ ಮೇಲೆ ಸರಿಯಾದದ್ದನ್ನು ಪೆಟ್ಟಿಗೆಗೆ ಹಾಕಿ, ಮತ್ತೊಮ್ಮೆ ಮೊದಲಿನಿಂದ ತಪಾಸಣೆ ಓಡಿಸಿದ. ಪರದೆ ಖಾಲಿಯಾಗಿ ಉಳಿಯಿತು. ಸೇತು ಎದ್ದಾಗ ಕಸ್ತೂರಿಯ ಕಾಲ್ಬೆರಳು ಕದಲಿದವು. ಮೂಲೆಯಲ್ಲಿ ಅಲುಗಾಡುವ ಹಲಗೆಯೊಂದಿತ್ತು, ಬಸ್ಸಿನಂತೆಯೇ ಎಲ್ಲ ದಿಕ್ಕಿಗೂ ಎಸೆಯುವಂಥದು. ಅದರ ಮೇಲೆ ಅವಳು ಕೈ ಕಟ್ಟಿಕೊಂಡು ನಿಂತಳು. ಇಮ್ತಿಯಾಜ್ ವೇಗ ಹೆಚ್ಚಿಸುತ್ತ ಹೋದ. ಕಡೆಗೆ ಹಲಗೆಯ ಮೋಟರು ಕಾದು ವಾಸನೆ ಬಂತು, ಅವಳು ಕೆಳಗಿಳಿದಳು. ಸೋಮವಾರದ ಬಗ್ಗೆ ಅಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ.

ಕೇಂದ್ರದಿಂದ ಬಸ್ ನಿಲ್ದಾಣಕ್ಕೆ ಉದ್ದನೆಯ ಇಳಿಜಾರು ರಸ್ತೆ. ಗೇಟು ದಾಟುವಾಗ ಅಭ್ಯಾಸದಂತೆ ಅವಳು ಗಂಡನ ಹೆಜ್ಜೆಗೆ ಹೆಜ್ಜೆ ಹಾಕಲು ಹೋದಳು. ಕಾಲಿಗೆ ಅದು ಗೊತ್ತಿರಲಿಲ್ಲ, ಎಡವಿದಳು. ‘ನೀ ನಿನ್ನಂಗ ನಡಿ,’ ಎಂದ ಅಂದಾನೆಪ್ಪ, ತಾನೂ ತನ್ನಂತೆ ನಡೆಯತೊಡಗಿದ. ಅವನು ಹೇಳಿದ್ದು ನಿಜ. ಒಂದು ಭುಜ ಏರಿಸುತ್ತ ಇಳಿಸುತ್ತ, ಗಿಡ್ಡ ಕಾಲನ್ನು ಬೀಸಿ ಒಗೆಯುತ್ತ, ಸೈಕಲ್ಲಿನವನ ಜೊತೆ ಪೈಪೋಟಿಗೆ ಬಿದ್ದವನಂತೆ ಹೋದ. ಮದುವೆಯಾದ ಮೇಲೆ ಅವನು ಹಾಗೆ ನಡೆದದ್ದನ್ನು ಅವಳು ಕಂಡಿರಲಿಲ್ಲ. ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಬೆಳಗಿನಿಂದ ಉಪವಾಸ, ಹಲಗೆಯ ಮೇಲೆ ಕುಣಿದ ಕಾಲುಗಳು ಉರಿಯುತ್ತಿದ್ದವು. ನೋವೂ ಸೇತುವಿನ ಮೇಲಿಂದಲೇ ದಾಟಿ ಬರುತ್ತದೆ. ಅವಳು ಹಿಂದೆ ಉಳಿದಳು, ಇನ್ನೂ ಹಿಂದೆ ಉಳಿದಳು.

‘ನಿಂದರ್ರಿ,’ ಎಂದು ಕೂಗಿದಳು. ‘ನನಗ ಆಗವಲ್ದು. ಕಾಲು ನೋಯಾಕತ್ತಾವು.’

ಅಂದಾನೆಪ್ಪ ನಿಂತ. ತಿರುಗಿ ಅವಳನ್ನು ನೋಡಿದ. ಅವನಿಗೂ ಏದುಸಿರು ಬರುತ್ತಿತ್ತು.

‘ನನ್ನವೂ,’ ಎಂದ.

ಇಬ್ಬರೂ ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಕೂತು ಕಾಲು ಚಾಚಿದರು. ಗದಗಿನ ಬಸ್ಸು ಬಂದು, ಹತ್ತುವರೇನೋ ಎಂದು ಸ್ವಲ್ಪ ನಿಂತು, ಹೋಯಿತು.